ವೈನಿ ನೋಡದ ಸೈಕಲ್ಲು

ಸ್ಕೂಟರಿನ ಟೈರು ಪಂಕ್ಚರಾಗಬಹುದಿತ್ತು. ಹಿಂದೆ ಕೂತ ವೈನಿಯ (ನಮ್ಮ ಕಡೆ ಅತ್ತಿಗೆಗೆ ಹಾಗೆನ್ನುತ್ತಾರೆ) ಸೆರಗು ಗಾಲಿಗೆ ಸಿಕ್ಕಬಹುದಿತ್ತು. ಪೊಲೀಸರು ರಸ್ತೆ ಮುಚ್ಚಿ ನಮ್ಮನ್ನು ಉಣಕಲ್ಲಿನಲ್ಲೇ ನಿಲ್ಲಿಸಬಹುದಿತ್ತು. ಬಿಸಿಲಿಗೆ ಅವರಿಗೆ ತಲೆ ಸುತ್ತಿ ಬರಬಹುದಿತ್ತು. ಅವರಿಗೆ ಬರದಿದ್ದರೆ ನನಗೆ. ನಾವು ಯಾವುದೋ ಬೇರೆ ಏರಿನಲ್ಲಿ ಹೋಗಿ ನಿಂತುಬಿಡಬಹುದಿತ್ತು. ಅಣ್ಣನ ಸೈಕಲ್ ರೇಸು ಹೇಳಿದ ಹೊತ್ತಿಗಿಂತ ಮೊದಲೇ ಮುಗಿದುಹೋಗಬಹುದಿತ್ತು. ನಮ್ಮ ಕಡೆ ಯಾವುದೂ ಹಾಗೆ ಮೊದಲೇ ಮುಗಿದದ್ದನ್ನು ನಾನು ಕಂಡಿಲ್ಲ, ಆದರೂ ಅದಕ್ಕೂ ಚಿಂತೆ ಮಾಡಿದ್ದೆ. ಎಲ್ಲಕ್ಕಿಂತ ಹೆಚ್ಚಾಗಿ, ಅಣ್ಣ ನಮ್ಮೆದುರಿಗೇ ಬಿದ್ದುಬಿಡಬಹುದಿತ್ತು.

ಇದೆಲ್ಲ ಮೊನ್ನೆ ನೆನಪಾದದ್ದು ಒಂದು ಎಣ್ಣೆಯ ವಾಸನೆಯಿಂದ. ನನ್ನ ಎಡ ಮೊಣಕಾಲು ಮೆಟ್ಟಿಲು ಕಂಡರೆ ತಕರಾರು ತೆಗೆಯುತ್ತದೆ. ಔಷಧಿ ಅಂಗಡಿಯವನು ಕೊಟ್ಟ ನೋವಿನ ಎಣ್ಣೆಯ ಮುಚ್ಚಳ ತೆಗೆದೆ, ಅಷ್ಟೇ. ಕರ್ಪೂರ, ಪುದೀನ, ಇನ್ನೇನೋ ಘಾಟು... ಹುಬ್ಬಳ್ಳಿ ಬೆಂಗೇರಿಯ ನಮ್ಮ ಹಳೆಯ ಓಣಿ, ಎದುರುಮನೆಯ ಕಟ್ಟೆ, ಕಟ್ಟೆಯ ಮೇಲೆ ಕಾಲು ಚಾಚಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅಣ್ಣ, ಎಲ್ಲ ಒಮ್ಮೆಗೇ ಬಂದು ಕೂತವು.

ಅವನು ನನಗೆ ಸ್ವಂತ ಅಣ್ಣನಲ್ಲ. ಎದುರುಮನೆಯವನು, ನನಗಿಂತ ಏಳೆಂಟು ವರ್ಷ ದೊಡ್ಡವನು. ಕ್ರೀಡಾ ಕೋಟಾದಲ್ಲಿ ರೈಲ್ವೆಗೆ ಸೇರಿದ್ದ. ಸೈಕಲ್ಲು ಹೊಡೆಯುವುದೇ ಅವನ ನೌಕರಿ. ಈ ಮಾತನ್ನು ನಮ್ಮ ಓಣಿ ಕೊನೆಯವರೆಗೂ ನಂಬಲಿಲ್ಲ. "ಪಗಾರ ಕೊಟ್ಟು ಸೈಕಲ್ ಹೊಡಸ್ತಾರಂತ, ಕೇಳಿರೇನು?" ಎಂದು ಕಿರಾಣಿ ಅಂಗಡಿಯ ಕಾಕಾ ಬಂದ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಗಾಳಿಗೆ ತಡೆಯಾಗಬಾರದು, ಬಿದ್ದರೆ ಗಾಯ ಕೀವಾಗಬಾರದು ಎಂದು ಅವನು ಕಾಲಿನ ಕೂದಲು ಬೋಳಿಸುತ್ತಿದ್ದ. ಅದೂ ಮುಂಬಾಗಿಲ ಕಟ್ಟೆಯ ಮೇಲೆ, ಬಕೆಟ್ಟು ಇಟ್ಟುಕೊಂಡು, ಹೋಗುವವರ ಬರುವವರ ಯೋಗಕ್ಷೇಮ ವಿಚಾರಿಸುತ್ತ. ಹೆಂಗಸರು ತಲೆ ತಗ್ಗಿಸಿ ದಾಟುತ್ತಿದ್ದರು. ಗಂಡಸರು ತಮ್ಮ ಕಾಲು ನೋಡಿಕೊಳ್ಳುತ್ತಿದ್ದರು.

ಸೈಕಲ್ ಪಟು ಎಂದರೆ ನಾವು ಊಹಿಸುವ ಹಾಗೆ ಅವನು ಯಾವತ್ತೂ ಇರಲಿಲ್ಲ. ರೇಸಿನ ಅಂಗಿಯ ಬೆನ್ನಜೇಬಿನಲ್ಲಿ ಎಲ್ಲರೂ ಬಾಳೆಹಣ್ಣು ಇಟ್ಟುಕೊಂಡರೆ ಇವನದು ಶೇಂಗಾ ಚಟ್ನಿ ಹಚ್ಚಿ ಸುರುಳಿ ಸುತ್ತಿದ ಜೋಳದ ರೊಟ್ಟಿ. ಅವನ ಕೆಲಸವೂ ಗೆಲ್ಲುವುದಲ್ಲ. ತಂಡದ ಗೆಲ್ಲುವ ಹುಡುಗನ ಮುಂದೆ ಹೋಗಿ ಎದುರುಗಾಳಿ ಒಡೆದುಕೊಡುವುದು, ಹಿಂದಿನವನಿಗೆ ದಮ್ಮು ಉಳಿಯಲೆಂದು. ಒಮ್ಮೆ ಪೇರಲ ಹಣ್ಣಿನ ಕಾಲದಲ್ಲಿ ನವಲೂರಿನ ಹತ್ತಿರ ರೇಸಿನ ನಡುವೆಯೇ ಇಳಿದು, ಚೌಕಾಸಿ ಮಾಡಿ, ಅಂಗಿಯೊಳಗೆ ಪೇರಲ ತುಂಬಿಕೊಂಡು ಎಲ್ಲರಿಗಿಂತ ಕೊನೆಗೆ ಬಂದನಂತೆ. "ನೀ ರೇಸಿಗೆ ಬಂದೀಯೋ ಸಂತಿಗೆ ಬಂದೀಯೋ?" ಎಂದು ತರಬೇತುದಾರರು ಒದರಿದರೆ, "ಎರಡಕ್ಕೂ ಬಂದೇನ್ರಿ ಸರ, ತಗೋರಿ, ಭಾಳ ರುಚಿ ಅದಾವ" ಎಂದು ಒಂದು ಹಣ್ಣು ಕೈಗಿಟ್ಟನಂತೆ. ತಂಡದವರೇ ಹೇಳಿದ್ದು. ಎಷ್ಟು ಖರೆಯೋ...

ವೈನಿ, ಅಂದರೆ ಅವನ ಹೆಂಡತಿ, ಅವನು ಸೈಕಲ್ಲು ಹೊಡೆಯುವುದನ್ನು ಮಾತ್ರ ನೋಡಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ! ಆಗ ನಮ್ಮ ಓಣಿಯ ರಸ್ತೆ ಬರೀ ತಗ್ಗು, ಕಲ್ಲು. ರೇಸಿನ ಸೈಕಲ್ಲಿನ ಟೈರು ಹೆಬ್ಬೆರಳಷ್ಟೂ ದಪ್ಪವಿಲ್ಲ. ಹಾಗಾಗಿ ಅವನು ಬೆಳಗಿನ ಜಾವ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಮುಖ್ಯ ರಸ್ತೆಯವರೆಗೆ ನಡೆದುಹೋಗುತ್ತಿದ್ದ, ಹೊತ್ತುಕೊಂಡೇ ಬರುತ್ತಿದ್ದ. "ನಮ್ಮನಿಯವರು ಸೈಕಲ್ ಹೊಡೀತಾರಂತ ಜನಾ ಹೇಳ್ತಾರ. ನಾ ಅಂತೂ ಹೊತಗೊಂಡು ಹೋಗೂದ ನೋಡೇನಿ" ಎಂದು ವೈನಿ ನಗುತ್ತಿದ್ದರು. ಒಮ್ಮೆ ಹುಬ್ಬಳ್ಳಿಯಲ್ಲಿ ರೇಸು ಮುಗಿಯುವ ಕಡೆ ಹೋಗಿ ನಿಂತಿದ್ದರಂತೆ. ಒಂದೇ ಥರದ ಅಂಗಿ, ಒಂದೇ ಥರದ ಟೊಪ್ಪಿಗೆಯ ಮಂದಿ ಜೇನುಹುಳುಗಳ ಹಾಗೆ ಝುಂಯ್ ಎಂದು ಬಂದು ಹೋದರು. ವೈನಿ ಯಾರಿಗೋ ಚಪ್ಪಾಳೆ ಹೊಡೆದು ಮನೆಗೆ ಬಂದರು.

ನಲವತ್ತು ದಾಟಿದ ಮೇಲೂ ಅವನು ರೇಸಿನಲ್ಲಿದ್ದದ್ದೇ ಒಂದು ಸೋಜಿಗ. ಕೊನೆಗೊಂದು ದಿನ ಸೈಕಲ್ಲು ಸಾಕು, ಇನ್ನು ಆಫೀಸಿನಲ್ಲಿ ಕುರ್ಚಿ ಎಂದರು ರೈಲ್ವೆಯವರು. ಉಳಿದದ್ದು ಒಂದೇ ರೇಸು: ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗಿ ತಿರುಗಿ ಬರುವುದು. ಅದರ ಹಿಂದಿನ ಸಂಜೆ ನನ್ನನ್ನು ಕಟ್ಟೆಗೆ ಕರೆದ.

"ತಮ್ಮಾ, ನಿಮ್ಮ ವೈನೀನ ನಾಳೆ ಸತ್ತೂರ ಏರಿಗೆ ಕರಕೊಂಡು ಹೋಗು. ಅಲ್ಲೆ ಎಂಥಾವನೂ ಸಾವಕಾಶ ಆಗ್ತಾನ. ನಾ ಎಲ್ಲಾರಕಿಂತ ಮುಂದ ಇರ್ತೇನಿ, ಒಬ್ಬನ. ಗುರ್ತು ತಪ್ಪೂ ಮಾತ ಇಲ್ಲ."

"ಅಲ್ಲೇ ದಮ್ಮು ಖರ್ಚಾದ್ರ ಮುಂದ ಏನಣ್ಣಾ?"

"ಮುಂದ ಏನಾರ ಆಗ್ಲಿ. ಊರ ಮಂದಿ ಎಲ್ಲಾ ನೋಡ್ಯಾರ. ಆಕಿ ಒಬ್ಬಾಕಿ ನೋಡಿಲ್ಲ. ಇನ್ನ ನೋಡ್ತೇನಂದ್ರೂ ರೇಸಿಲ್ಲ."

ಅವನು ನಗುತ್ತಲೇ ಹೇಳಿದ, ಆದರೆ ಎಣ್ಣೆ ತಿಕ್ಕುವ ಕೈ ನಿಂತಿತ್ತು. ಈ ಜವಾಬ್ದಾರಿಯನ್ನು ಅವನು ಇಡೀ ಓಣಿಯಲ್ಲಿ ನನಗೇ ಏಕೆ ಕೊಟ್ಟನೋ! ಸುಳ್ಳೇ ಚಿಂತೆ ಮಾಡುವ ಸ್ಪರ್ಧೆ ಇದ್ದರೆ ನನಗೂ ರೈಲ್ವೆಯಲ್ಲಿ ನೌಕರಿ ಸಿಗುತ್ತಿತ್ತು.

ಮರುದಿನ ಟೈರಿಗೆ ಎರಡು ಸಲ ಗಾಳಿ ಹಾಕಿಸಿ, ಕೊಡೆ, ನೀರು, ಗ್ಲುಕೋಸ್ ಪುಡಿ, ಈರುಳ್ಳಿ (ತಲೆ ಸುತ್ತಿದರೆ ಮೂಸಿಸಲು) ಎಲ್ಲ ಕಟ್ಟಿಕೊಂಡು ಹೊರಟೆ. "ನಾವು ರೇಸ್ ನೋಡಾಕ ಹೊಂಟೇವೋ, ಬಾಣಂತನ ಮಾಡಾಕ ಹೊಂಟೇವೋ?" ಎಂದರು ವೈನಿ. ಅವರು ಮದುವೆಗೆ ಹೋಗುವವರ ಹಾಗೆ ಇಳಕಲ್ ಸೀರೆ ಉಟ್ಟಿದ್ದರು.

ಸತ್ತೂರಿನ ಏರಿನಲ್ಲಿ ಒಂದು ಬೇವಿನ ಮರದ ಕೆಳಗೆ ನಿಂತೆವು. ಪಂಕ್ಚರಿಲ್ಲ, ಪೊಲೀಸರಿಲ್ಲ, ತಲೆ ಸುತ್ತಿಲ್ಲ. ನನಗೇ ಅನುಮಾನ ಬರುವಷ್ಟು ಎಲ್ಲ ಸರಿಯಾಗಿತ್ತು. ಆಮೇಲೆ ಸೀಟಿ ಊದುತ್ತ ಒಂದು ಜೀಪು ಬಂತು. ಅದರ ಹಿಂದೆ, ಏರಿನ ಬುಡದಲ್ಲಿ, ಒಂದು ಕೆಂಪು ಹೆಲ್ಮೆಟ್ಟು. ಒಂದೇ ಒಂದು. ಅಣ್ಣ ಪೆಡಲಿನ ಮೇಲೆ ಎದ್ದು ನಿಂತು, ಸೈಕಲ್ಲನ್ನು ಆ ಕಡೆ ಈ ಕಡೆ ತೂಗುತ್ತ ಏರಿ ಬರುತ್ತಿದ್ದ. ಉಳಿದವರು ಒಂದಿಷ್ಟು ಹಿಂದೆ. ಅಷ್ಟು ವರ್ಷ ಕಟ್ಟೆಯ ಮೇಲೆ ಕಂಡ ಮನುಷ್ಯ ಇವನೇನಾ ಎನ್ನಿಸಿತು. ರಸ್ತೆ ಬದಿಯಲ್ಲಿದ್ದ ಕಾಲೇಜು ಹುಡುಗರು ಹೋ ಎಂದರು. ನಾನೂ ಹೋ ಎಂದೆ. "ನೋಡ್ರಿ ವೈನಿ, ಬಂದಾ ನೋಡ್ರಿ!" ಎಂದು ತಿರುಗಿದೆ.

ವೈನಿ ಕೈಮುಗಿದು ಕಣ್ಣು ಮುಚ್ಚಿ ನಿಂತಿದ್ದರು. ತುಟಿ ಪಿಟಿಪಿಟಿ ಅನ್ನುತ್ತಿತ್ತು.

"ವೈನಿ, ಕಣ್ಣು ತಗೀರಿ!"

ತೆಗೆಯುವಷ್ಟರಲ್ಲಿ ಅವನು ನಮ್ಮನ್ನು ದಾಟಿ ಏರಿನ ತುದಿಯಲ್ಲಿದ್ದ. ನಡುವೆ ಉಳಿದವರ ದಂಡು ನುಗ್ಗಿತು.

"ಹೋದ್ರೇನು?"

"ಹೋದ್ರು."

"ಬೀಳಲಿಲ್ಲ ಹೌದಿಲ್ಲೋ?"

"ಇಲ್ರಿ."

"ಅಷ್ಟಾದ್ರ ಸಾಕು" ಎಂದರು. ತಿರುಗಿ ಬರುವಾಗ ನಾನು ಗ್ಲುಕೋಸ್ ಬೇಕೇ ಎಂದು ಕೇಳಿದೆ. ಬೇಡವೆಂದರು.

ರೇಸಿನಲ್ಲಿ ಅವನು ಬಹಳ ಹಿಂದೆ ಬಿದ್ದನಂತೆ. ಸಂಜೆ ಕಟ್ಟೆಯ ಮೇಲೆ ಕೂತು, "ಹೆಂಗಿತ್ತು?" ಎಂದು ಹೆಂಡತಿಯನ್ನು ಕೇಳಿದ.

"ಭಾಳ ಛಲೋ ಹೊಡದ್ರಿ" ಎಂದರು ವೈನಿ.

"ಹೌದೇನು? ನನ್ನ ಹೆಲ್ಮೆಟ್ಟು ಯಾವ ಬಣ್ಣದ್ದು?"

ವೈನಿ ನನ್ನ ಕಡೆ ನೋಡಿದರು. ಸಹಾಯ ಮಾಡೋಣವೆಂದು ನಾನು ಅಂಗಳದ ಕೆಂಪು ದಾಸವಾಳವನ್ನು ನೋಡತೊಡಗಿದೆ. ಅಣ್ಣ ಗಹಗಹಿಸಿ ನಕ್ಕ. "ಅವನ್ನ ಯಾಕ ನೋಡ್ತಿ? ನೀ ಕಣ್ಣು ಮುಚ್ಚಿದ್ದಿ, ನಾ ತೆರದಿದ್ದೆ. ಇಡೀ ರೇಸಿನ್ಯಾಗ ನಾ ನೆಟ್ಟಗ ನೋಡಿದ್ದು ನಿನ್ನೊಬ್ಬಾಕಿನ್ನ."

"ಬಿದ್ದುಗಿದ್ದೀರಿ ಅಂತ ದೇವರನ್ನ ನೆನಸಿದೆ. ತಪ್ಪಾತೇನು?" ಎಂದವರೇ ವೈನಿ ಒಳಗೆ ಹೋಗಿಬಿಟ್ಟರು. ಅವನ ನಗು ನಿಂತಿತು. ಸ್ವಲ್ಪ ಹೊತ್ತಿನ ಮೇಲೆ ತಾನೂ ಎದ್ದು ಒಳಗೆ ಹೋದ...

ಮುಂದೆ ಅಣ್ಣ ಆಫೀಸಿನ ಫೈಲುಗಳ ನಡುವೆ ಕೂತ. ಹೊಟ್ಟೆ ಬಂತು. ಕಾಲಿನ ಕೂದಲು ಬೆಳೆದವು, ಓಣಿಗೆ ಸಮಾಧಾನವಾಯಿತು. ರೇಸಿನ ಸೈಕಲ್ಲು ತಂಡಕ್ಕೆ ಹೋಯಿತು. ಕೆಲವು ವರ್ಷಗಳ ಮೇಲೆ ಓಣಿಗೆ ಕಾಂಕ್ರೀಟು ಹಾಕಿದರು. ಅದು ಒಣಗಿದ ವಾರವೇ ಅವನು ಎಲ್ಲಿಂದಲೋ ಒಂದು ಹಳೆಯ ಕರಿ ಸೈಕಲ್ಲು ತಂದ, ಕ್ಯಾರಿಯರ್ ಇರುವಂಥದ್ದು. ಅಂದಿನಿಂದ ದಿನಾ ಸಂಜೆ ಹಾಲಿನ ಬೂತಿನಿಂದ ಹಿಟ್ಟಿನ ಗಿರಣಿಯವರೆಗೆ, ಗಿರಣಿಯಿಂದ ಬೂತಿನವರೆಗೆ ಸುತ್ತು ಹಾಕತೊಡಗಿದ. ಅದೂ ಎಷ್ಟು ನಿಧಾನ! ನಡೆಯುವವರು ಅವನನ್ನು ದಾಟಿ ಹೋಗುತ್ತಿದ್ದರು. ವೈನಿ ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಸೋಸುತ್ತ ಕೂತಿರುತ್ತಿದ್ದರು.

"ಏನ್ರಿ ಚಾಂಪಿಯನ್, ನಮ್ಮ ಎಮ್ಮಿ ನಿಮ್ಮನ್ನ ಹಿಂದ ಹಾಕಿ ಹೋತಲ್ರಿ" ಎಂದು ಕಿರಾಣಿ ಕಾಕಾ ಕೆಣಕುತ್ತಿದ್ದರು.

"ಹೋಗ್ಲಿ ಬಿಡ್ರಿ ಕಾಕಾ, ಅದಕ್ಕ ಹಿಂಡಿ ತಿನ್ನೂ ಅವಸರ."

"ಬೆನ್ನು ನೆಟ್ಟಗ ಮಾಡ್ರಿ! ಏನದು, ಕುಂಬಳಕಾಯಿ ಹೇರಿದಂಗ ಕುಂತೀರಿ" ಎಂದು ಕಟ್ಟೆಯ ಮೇಲಿಂದ ವೈನಿ ಕೂಗುತ್ತಿದ್ದರು. ಅವನು ಬೆನ್ನು ನೆಟ್ಟಗೆ ಮಾಡುತ್ತಿದ್ದ. ಯಾವ ತರಬೇತುದಾರರ ಮಾತನ್ನೂ ಅವನು ಹಾಗೆ ಕೇಳಿದವನಲ್ಲ.

ಇಷ್ಟು ನಿಧಾನ ಹೋಗಲು ಬೇಸರವಾಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಲಗೂ ಹ್ವಾದ್ರ ಆಕಿಗೆ ಕಾಣೂದಿಲ್ಲೋ ತಮ್ಮಾ" ಎಂದ.

ಆಮೇಲೆ ನಾವು ಧಾರವಾಡದ ಸಪ್ತಾಪುರಕ್ಕೆ ಮನೆ ಬದಲಿಸಿದೆವು. ಹೋಗಿಬರುವುದು ಕಡಿಮೆಯಾಯಿತು. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಫೋನು ಬಂತು. ರಾತ್ರಿ ಮಲಗಿದ ಅಣ್ಣ ಏಳಲಿಲ್ಲವಂತೆ. ಅಷ್ಟು ಚಿಂತೆ ಮಾಡುವ ನಾನು ಅದೊಂದಕ್ಕೆ ಯಾವತ್ತೂ ಚಿಂತೆ ಮಾಡಿರಲಿಲ್ಲ. ಅವನಿಗೆ ಎಂಥ ಗಟ್ಟಿ ಎದೆ ಎಂದು ಡಾಕ್ಟರರೇ ಹೊಗಳುತ್ತಿದ್ದರು...

ಮೊನ್ನೆ ಎಣ್ಣೆಯ ಶೀಶೆ ಮುಚ್ಚಿಟ್ಟವನೇ ಬೆಂಗೇರಿಗೆ ಹೋದೆ. ವೈನಿ ಚಹಾ ಕೊಟ್ಟು, ಕಟ್ಟೆಯ ಮೇಲೆ ಕೂತರು. ಓಣಿಯಲ್ಲಿ ಸ್ಕೂಟರುಗಳು ಹೋಗುತ್ತಿದ್ದವು. ಅವರು ರಸ್ತೆಯನ್ನೇ ನೋಡುತ್ತ ತಾವಾಗಿಯೇ ಹೇಳಿದರು:

"ಕಡೀ ದಿನಾ ಸಂಜೀಕ ಒಲಿ ಮ್ಯಾಲ ಹಾಲಿಟ್ಟಿದ್ದೆ. ಉಕ್ಕಿದ ವಾಸನಿ ಬಂತು ಅಂತ ಒಳಗ ಓಡಿದೆ. ಒರಿಸಿ ಬರೂದ್ರಾಗ ಇವರು ಕಡೀ ಸುತ್ತು ಮುಗಿಸಿ, ಸೈಕಲ್ ಗ್ವಾಡಿಗೆ ಆನಿಸಿ ನಿಂತಿದ್ರು."

ಚಹಾ ಆರಿತ್ತು.

"ಉಳಿದದ್ದೆಲ್ಲಾ ನೋಡೇನ್ರಿ" ಎಂದರು ವೈನಿ. "ಆ ಒಂದು ಸುತ್ತು ತಪ್ಪಿತು."