ವೆಸ್ಲಿ ಬದುಕಿಬಂದ ಕಥೆ

ಕಮ್ಯುನಿಟಿ ಕಾಲೇಜಿನಲ್ಲಿ ಕಥೆ ಬರೆಯುವ ತರಗತಿಗೆ ಸೇರುತ್ತೇನೆಂದು ಆರ್ಲೀನ್ ಹೇಳಿದಾಗ ಅವಳ ಸಲೂನಿನ ಗಿರಾಕಿಗಳು ಬಿದ್ದುಬಿದ್ದು ನಕ್ಕರು. "ನಮ್ ಗುಟ್ಟೆಲ್ಲ ಬರ್ದು ಹಾಕ್ಬೇಡ ಮಾರಾಯ್ತಿ!" ಅಂದರು. ಆರ್ಲೀನ್ ಬರೆಯಬೇಕೆಂದಿದ್ದದ್ದು ತನ್ನ ತಮ್ಮ ವೆಸ್ಲಿಯ ವಿಷಯ.

ಅಮೆರಿಕದ ಮಿಶಿಗನ್ನಿನ ಅವರೂರಿನಲ್ಲಿ ಚಳಿಗೆ ಹೆಪ್ಪುಗಟ್ಟಿದ ಸರೋವರ ಮಾರ್ಚ್ ತಿಂಗಳಲ್ಲಿ ಮೇಲೆ ಗಟ್ಟಿಯಾಗಿ ಕಂಡರೂ ಅಡಿಯಲ್ಲಿ ಕರಗಿರುತ್ತದೆ. ಹನ್ನೊಂದು ವರ್ಷದ ವೆಸ್ಲಿ ಮೀನು ಹಿಡಿಯಲು ಅದರ ಮೇಲೆ ನಡೆದುಹೋದಾಗ ಹಿಮದ ಹಾಸು ಬಿರಿದು, ನೀರು ಅವನನ್ನು ಒಳಗೆಳೆದುಕೊಂಡಿತು. ಆಮೇಲೆ ಆ ಮನೆಯಲ್ಲಿ ಯಾರೂ ಅವನ ಹೆಸರೆತ್ತಲಿಲ್ಲ. ಐವತ್ತು ದಾಟಿದ ಮೇಲೆ ಆರ್ಲೀನ್ ಅದನ್ನು ಬರೆದು, ತರಗತಿಯಲ್ಲಿ ಓದಿದಳು.

"ನಡೆದದ್ದನ್ನ ಬರೆದಿರಿ," ಎಂದರು ಪಾಠ ಹೇಳುವ ಓಡೆಲ್ ಮೇಡಂ. "ಈಗ ನಡೆಯದ್ದನ್ನ ಬರೀರಿ. ಅವನು ದಡ ಸೇರಿದ್ದಿದ್ರೆ?"

ಆರ್ಲೀನ್ ಬರೆದಳು. ಕಥೆಯಲ್ಲಿ ವೆಸ್ಲಿಗೆ ಹೊಟ್ಟೆ ಬಂತು, ತಲೆ ಬೋಳಾಯಿತು. ದೋಣಿ ರಿಪೇರಿ ಮಾಡಿಕೊಂಡು, ಹೆಂಡತಿಯ ಹತ್ತಿರ ಬೈಸಿಕೊಂಡು, ಹಬ್ಬಕ್ಕೆ ತಾನೇ ಮಾಡಿದ ಸೀದ ಕಡುಬು ಹಿಡಿದು ಬಂದ. ತರಗತಿಯೆಲ್ಲ ನಕ್ಕಿತು. ಲಾರಿ ಓಡಿಸಿ ನಿವೃತ್ತನಾಗಿದ್ದ ಟೆರೆನ್ಸ್, "ಅಕ್ಕಾ, ಇವನ ಜೊತೆ ಕೂತು ಒಂದು ಬಿಯರ್ ಕುಡೀಬೇಕು ಅನ್ಸುತ್ತೆ ಕಣೆ," ಎಂದ. ಆರ್ಲೀನಳಿಗೆ ಅಳುವೂ ಬಂತು, ಹಿಗ್ಗೂ ಆಯಿತು.

ಆ ಹಿಗ್ಗಿನಲ್ಲೇ ಅವಳು ವೃದ್ಧಾಶ್ರಮಕ್ಕೆ ಹೋಗಿ ತಾಯಿ ಓಪಲ್‌ಗೆ ಕಥೆ ಓದಿದಳು. ಮುದುಕಿಗೆ ಮರೆವು ಹಿಡಿದಿತ್ತು. ಆದರೆ ಕಡುಬಿನ ಮಾತು ಬಂದಾಗ ಕೈ ತಟ್ಟಿ ನಕ್ಕಳು.

"ಯಾವಾಗ ಬರ್ತಾನಂತೆ?"

"ಅಮ್ಮಾ, ಇದು ಬರೀ ಕಥೆ."

"ಹೊಟ್ಟೆ ಬಂದಿದೆ ಅಂದ್ಯಲ್ಲೇ?"

ಅಂದಿನಿಂದ ಓಪಲ್ ಕಿಟಕಿ ಬಿಟ್ಟು ಏಳಲಿಲ್ಲ. ಊಟದಲ್ಲಿ ಸಿಹಿ ಕೊಟ್ಟರೆ ಅರ್ಧ ಮಗನಿಗೆಂದು ಎತ್ತಿಟ್ಟಳು. ನೋಡಲಾರದೆ ಆರ್ಲೀನ್ ಒಂದು ದಿನ ತಾಯಿಯ ಕೈ ಹಿಡಿದು ಹೇಳಿಬಿಟ್ಟಳು: "ವೆಸ್ಲಿ ತೀರಿಹೋದ ಅಮ್ಮಾ. ಸರೋವರದಲ್ಲಿ. ಚಿಕ್ಕೋನಿದ್ದಾಗಲೇ."

ಓಪಲ್ ಆ ಸುದ್ದಿಯನ್ನು ಮೊದಲ ಸಲ ಕೇಳಿದವಳಂತೆ ಚೀರಿದಳು. ನರ್ಸುಗಳು ಓಡಿಬಂದರು. ಮರುದಿನ ಸಾವು ಮರೆತುಹೋಗಿತ್ತು, ಮಗ ಬರುತ್ತಾನೆಂಬುದು ಮಾತ್ರ ಮರೆತಿರಲಿಲ್ಲ. ಅವಳನ್ನು ಇನ್ನೊಂದು ಸಲ ಹಾಗೆ ಚೀರಿಸಲು ಆರ್ಲೀನಳಿಗೆ ಮನಸ್ಸು ಬರಲಿಲ್ಲ. "ದಾರೀಲಿದಾನೆ," ಎನ್ನುತ್ತ ದಿನ ದೂಡಿದಳು.

ಕೊನೆಕೊನೆಗೆ ತಾಯಿ ಮುಖ ತಿರುಗಿಸತೊಡಗಿದಳು. "ನೀನೇ ಏನೋ ಅಂದಿರ್ತೀಯ. ಅದಕ್ಕೇ ಮಗು ಬರ್ತಿಲ್ಲ," ಎಂದಳು. ಹಾಗೆ ಮಗಳ ಮೇಲೆ ಮುನಿದುಕೊಂಡೇ, ಹೊರಗೆ ಹಿಮ ಕರಗುವ ಹೊತ್ತಿಗೆ, ಪ್ರಾಣ ಬಿಟ್ಟಳು.

ಓಡೆಲ್ ಮೇಡಂ ಕಥೆಯನ್ನು ಕಾಲೇಜಿನ ಪತ್ರಿಕೆಗೆ ಕೇಳಿದರು. ಆರ್ಲೀನ್ ಕೊಡಲಿಲ್ಲ. "ನಾನು ಬರೀಲೇಬಾರ್ದಿತ್ತು ಮೇಡಂ," ಎಂದಳು. "ಬರೀರಿ ಅಂದೋಳು ನಾನು," ಎಂದರು ಮೇಡಂ.

ಆ ಬೇಸಿಗೆಯೆಲ್ಲ ಅವಳು ಪೆನ್ನು ಮುಟ್ಟಲಿಲ್ಲ. ಎಲೆ ಉದುರುವ ಕಾಲಕ್ಕೆ ಟೆರೆನ್ಸ್ ಸಲೂನಿಗೆ ಬಂದು, ಬೋಳುತಲೆ ಒಡ್ಡಿ ಕೂತ. "ಕತ್ತರಿಸೋಕೆ ಏನೂ ಇಲ್ಲ ಅಂತ ಗೊತ್ತು. ಕ್ಲಾಸು ಸೋಮವಾರ ಶುರು ಅಂತ ಹೇಳೋಕ್ ಬಂದೆ ಅಕ್ಕಾ."

ಆರ್ಲೀನ್ ಹೋದಳು. ಈ ಸಲ ಅಮ್ಮನ ಬಗ್ಗೆ ಬರೆದಳು. ತರಗತಿಯಲ್ಲಿ ಓದುತ್ತ, ಅಮ್ಮ ಮುಖ ತಿರುಗಿಸಿದಲ್ಲಿಗೆ ಬಂದಾಗ ಮುಂದೆ ಓದಲಾಗದೆ ಹಾಳೆ ಕೆಳಗಿಟ್ಟಳು. ಟೆರೆನ್ಸ್ ಅದನ್ನೆತ್ತಿಕೊಂಡು ಉಳಿದದ್ದನ್ನು ಓದಿದ.