ಚಂಚಿಯೋ ಹಗ್ಗವೋ

ದೇವರ ಹಿಪ್ಪರಗಿಯ ಬಸ್‌ನಿಲ್ದಾಣದ ಹಿಂದಿನ ಓಣಿಯಲ್ಲಿ ಗುಂಡವ್ವನ ಖಾನಾವಳಿ ಇತ್ತು. ಅದಕ್ಕೆ ಬೋರ್ಡು ಇರಲಿಲ್ಲ. ಸಂತೆಯ ದಿನ ಸಿಂದಗಿ, ಇಂಡಿ, ಬಾಗೇವಾಡಿ ಕಡೆಯಿಂದ ಬಂದವರು ರೊಟ್ಟಿ ಬಡಿಯುವ ಸಪ್ಪಳವನ್ನು ಹಿಡಿದುಕೊಂಡೇ ಬಾಗಿಲು ಹುಡುಕುತ್ತಿದ್ದರು. ಗಂಡ ಕಾಳಪ್ಪ ಹಾವು ಕಚ್ಚಿ ಸತ್ತಾಗ, ಮಕ್ಕಳಿಲ್ಲದ ಹೆಣ್ಣು ತವರಿಗೆ ಹೋದಾಳು ಎಂದು ಊರು ತಿಳಿದಿತ್ತು. ಅವಳು ಹೋಗಲಿಲ್ಲ. ಸೂತಕದ ದಿನಗಳು ಮುಗಿದ ಮರುದಿನವೇ ಹಂಚು ಒಲೆಯ ಮೇಲಿಟ್ಟಳು.

ಅವಳ ರೊಟ್ಟಿ ಎಲೆಯಷ್ಟು ತೆಳ್ಳಗೆ, ಅವಳು ಮಾತ್ರ ಕಣಜದಷ್ಟು ದಪ್ಪ ಎಂದು ಗಿರಾಕಿಗಳು ಆಡಿಕೊಳ್ಳುತ್ತಿದ್ದರು. ಅವಳನ್ನು ತೂಗಲು ಅಡತಿ ಅಂಗಡಿಯ ಕಾಟಾನೇ ಬೇಕೆಂದು ಬಂದೇನವಾಜ ಕಂಡಕ್ಟರ್ ಎದುರಿಗೇ ಹೇಳುತ್ತಿದ್ದ. ನಿನ್ನ ಬಸ್ಸಿನ ಸ್ಪ್ರಿಂಗ್ ಪಾಟಾ ಮೊದಲು ಗಟ್ಟಿ ಮಾಡಿಸು, ಆಮೇಲೆ ನನ್ನನ್ನು ತೂಗು ಎಂದು ಅವಳು ತಿರುಗಿ ಅನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಆದರೆ ಮೊಣಕಾಲುಗಳಿಗೆ ಈ ನಗೆ ತಿಳಿಯುತ್ತಿರಲಿಲ್ಲ. ಒಲೆಯ ಮುಂದೆ ಕೂತರೆ ಏಳಲಾಗುತ್ತಿರಲಿಲ್ಲ. ಕೆಲಸಕ್ಕೆ ಬರುವ ಲಕ್ಕವ್ವ ಕೈಹಿಡಿದು ಎಳೆದೂ ಎಳೆದೂ ಸೋತು, ಕೊನೆಗೆ ಮೇಲಿನ ತೊಲೆಗೆ ಒಂದು ನಾರಿನ ಹಗ್ಗ ಕಟ್ಟಿದಳು. ಗುಂಡವ್ವ ಅದನ್ನು ಎರಡೂ ಕೈಯಿಂದ ಹಿಡಿದು, ಉಸಿರು ಬಿಗಿಹಿಡಿದು, ಬಾವಿಯಿಂದ ತನ್ನನ್ನು ತಾನೇ ಸೇದಿಕೊಂಡಂತೆ ಎದ್ದು ನಿಲ್ಲುತ್ತಿದ್ದಳು.

ಒಂದು ಸಂತೆಯ ದಿನ ಬೆವರಿಗೆ ಕೈಜಾರಿತು. ಬಿದ್ದ ರಭಸಕ್ಕೆ ಬಲಗೈ ಕೆಂಪಗೆ ಕಾದಿದ್ದ ಹಂಚಿನ ಮೇಲೆ ಊರಿತು.

ಆ ಸುದ್ದಿ ಕೇಳಿ ಸೊಲ್ಲಾಪುರದಿಂದ ಪರಸಪ್ಪ ಓಡಿಬಂದ. ಪರಸಪ್ಪ ಅವಳ ತಮ್ಮ, ಅಲ್ಲಿನ ದೊಡ್ಡ ದವಾಖಾನೆಯೊಂದರಲ್ಲಿ ಕಂಪೌಂಡರ್. ಅವ್ವ ಅವನನ್ನು ಹೆತ್ತು ತೀರಿಕೊಂಡಾಗ ಗುಂಡವ್ವನಿಗೆ ಇನ್ನೂ ಮದುವೆಯಾಗಿರಲಿಲ್ಲ. ತಂಗಡಗಿಯ ತವರುಮನೆಯಲ್ಲಿ ಮೇಕೆಯ ಹಾಲು ಹನಿಸಿ ಅವನನ್ನು ಬದುಕಿಸಿದವಳು ಅವಳೇ. ಅವನು ಬಂದಾಗಲೆಲ್ಲ ಮೊದಲ ರೊಟ್ಟಿ ಅವನದು. ಅವನೆಷ್ಟೇ ದೊಡ್ಡವನಾದರೂ ಅದರ ಮೊದಲ ತುತ್ತನ್ನು ಮುರಿದು ಅವನ ಬಾಯಿಗಿಡುವುದು ಅವಳ ರೂಢಿ. ಈ ಸಲವೂ ಇಟ್ಟಳು, ಎಡಗೈಯಿಂದ.

ಪರದೇಶದಲ್ಲಿ ಕಲಿತ ಡಾಕ್ಟರೊಬ್ಬರು ತಮ್ಮ ದವಾಖಾನೆಗೆ ಬಂದಿದ್ದಾರೆ, ಮೈ ಇಳಿಸುವ ಆಪರೇಶನ್ ಮಾಡುತ್ತಾರೆ ಎಂದು ಅವನು ಹೇಳಿದ.

"ನಾ ಏನ ಲಾರ್‍ಯಾಗಿನ ಮೂಟಿ ಏನೋ, ಇಳಸಾಕ?" ಎಂದಳು ಗುಂಡವ್ವ.

ಅವನು ನಗಲಿಲ್ಲ. ಸುಟ್ಟ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಮಕ್ಕಳಿಗೆ ಪಾಠ ಹೇಳಿದಂತೆ ಬಿಡಿಸಿ ಹೇಳಿದ. ದಾರಿ ಮೂರು. ಒಂದು, ಹಲ್ಲಿಗೆ ತಂತಿ ಕಟ್ಟಿ ಬಾಯಿ ಮುಚ್ಚಿಸುವುದು; ನೀರು, ಗಂಜಿ ಮಾತ್ರ ಒಳಗೆ ಹೋಗುತ್ತದೆ. ಬಾಯಿ ಕಟ್ಟಿಸಿಕೊಂಡರೆ ಗಿರಾಕಿಗಳನ್ನು ಬಯ್ಯುವವರು ಯಾರು ಎಂದು ಗುಂಡವ್ವ ಅದನ್ನು ಅಲ್ಲಿಯೇ ತಳ್ಳಿಹಾಕಿದಳು. ಉಳಿದವು ಎರಡು. ಪರಸಪ್ಪ ಅವಳ ಸೊಂಟದಲ್ಲಿದ್ದ ಎಲೆಅಡಿಕೆಯ ಚಂಚಿಯನ್ನು ಕೇಳಿ ತೆಗೆದುಕೊಂಡ. ಇದು ಹೊಟ್ಟೆ ಎಂದುಕೋ ಎಂದ. ಮೇಲುಗಡೆ ಒಂದು ಹಿಡಿ ಜಾಗ ಬಿಟ್ಟು ಅಡ್ಡಲಾಗಿ ಹೊಲಿಯುತ್ತಾರೆ. ಆಮೇಲೆ ಒಂದು ಹಿಡಿಗಿಂತ ಹೆಚ್ಚು ಹಿಡಿಯುವುದಿಲ್ಲ, ತಿಂದರೆ ವಾಂತಿ. ಜೀವವಿರುವ ತನಕ ಅಷ್ಟೇ ಊಟ.

ಆಮೇಲೆ ತೊಲೆಯ ಹಗ್ಗವನ್ನು ಎಳೆದುಕೊಂಡ. ಇದು ಕರುಳು. ಉದ್ದ ಇರುವುದರಿಂದಲೇ ಉಂಡದ್ದೆಲ್ಲ ಮೈಗೆ ಹತ್ತುತ್ತದೆ. ಹಗ್ಗದ ನಡುವಿನ ಭಾಗವನ್ನು ಮಡಚಿ ಪಕ್ಕಕ್ಕೆ ಹಿಡಿದು, ಮೇಲಿನ ತುಂಡನ್ನೂ ಕೆಳಗಿನ ತುಂಡನ್ನೂ ಒತ್ತಟ್ಟಿಗೆ ತಂದ. ಹೀಗೆ ಜೋಡಿಸಿಬಿಡುತ್ತಾರೆ. ಬೇಕಾದಷ್ಟು ಉಣ್ಣು, ಮೈಗೆ ಹತ್ತುವುದಿಲ್ಲ, ಹಾಗೆಯೇ ಹೊರಗೆ ಹೋಗಿಬಿಡುತ್ತದೆ.

"ಹೊರಗಂದ್ರ?"

ಪರಸಪ್ಪ ಹಗ್ಗ ಬಿಟ್ಟ. "ತೆಳ್ಳಗ ಆಗತೈತಿ, ಅಕ್ಕಾ. ದಿನಕ್ಕ ಏಳೆಂಟು ಸಲ ಹೋಗಬೇಕಾಗತೈತಿ. ರೂಢಿ ಆಗತೈತಿ ಅಂತಾರ."

"ಹಗಲಿನ್ಯಾಗೂ?"

"ಹೂಂ."

ಗುಂಡವ್ವ ತಲೆತಗ್ಗಿಸಿ ಕೂತಳು. ಲಕ್ಕವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಳೆ, ಕೇಳಿಸುವುದಿಲ್ಲ ಎಂದು ಖಚಿತ ಮಾಡಿಕೊಂಡು, ದನಿ ತಗ್ಗಿಸಿ ತಮ್ಮನಿಗೆ ಹೇಳಿದಳು. ಊರಿನ ಹೆಂಗಸರು ಚರಗಿ ಹಿಡಿದು ಬಯಲಿಗೆ ಹೋಗುವುದು ನಸುಕು ಹರಿಯುವ ಮೊದಲು. ಇಲ್ಲವೇ ಕತ್ತಲು ಬಿದ್ದ ಮೇಲೆ. ನಡುವಿನ ಹಗಲೆಲ್ಲ ಹೆಣ್ಣಿನ ಮೈ ಕಲ್ಲಾಗಿರಬೇಕು. ಬಸ್‌ನಿಲ್ದಾಣದ ಬೆನ್ನಿಗೆ, ಗಂಡಸರ ಪಂಕ್ತಿಯ ನಡುವೆ ಕೂತು ರೊಟ್ಟಿ ಬಡಿಯುವವಳು ಹಗಲಲ್ಲಿ ಎಲ್ಲಿಗೆ ಓಡಬೇಕು? ಹಸಿವನ್ನು ತಡೆಯಬಲ್ಲೆ, ಇದನ್ನು ತಡೆಯಲಾರೆ.

"ಚಂಚೀದ ಇರ್ಲಿ," ಎಂದಳು. "ಡಾಕ್ಟರಗ ಯಾಕಂತ ಹೇಳಬ್ಯಾಡ ಮತ್ತ. ಮಾನಾ ಹೋಗತೈತಿ. ಚಂಚೀದು ಅಂತಷ್ಟ ಹೇಳು."

ಪಕ್ಕದ ಮನೆಯ ಇಂದ್ರಾಬಾಯಿ ತಾನೂ ಜೊತೆಗೆ ಬರುತ್ತೇನೆ ಎಂದಳು. ಅವಳ ತವರು ಅಗರಖೇಡ. ಭೀಮೆಯ ಆಚೆ ದಂಡೆಯ ನೆಂಟರ ನಡುವೆ ಬೆಳೆದವಳಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಗುಂಡವ್ವನಿಗೋ ಕೃಷ್ಣೆಯ ದಂಡೆಯ ಕನ್ನಡ ಬಿಟ್ಟು ಒಂದಕ್ಷರ ಬಾರದು. ಆದರೂ ಬೇಡವೆಂದಳು. ತಮ್ಮ ಇದ್ದಾನಲ್ಲ.

ಸಂಕ್ರಮಣ ಕಳೆದ ಮೇಲೆ ಸೊಲ್ಲಾಪುರಕ್ಕೆ ಹೋದಳು. ಡಾಕ್ಟರು ಸಣ್ಣ ವಯಸ್ಸಿನವರು, ಬಾಯಲ್ಲಿ ಮರಾಠಿ, ನಡುನಡುವೆ ಇಂಗ್ಲಿಷ್. ಅವಳ ಕಡೆಗೊಮ್ಮೆ, ಪರಸಪ್ಪನ ಕಡೆಗೊಮ್ಮೆ ನೋಡುತ್ತ ಬಹಳ ಹೊತ್ತು ಮಾತಾಡಿದರು. ಪರಸಪ್ಪ ಏನೋ ಕೇಳಿದ. ಡಾಕ್ಟರು ತಲೆ ಅಲ್ಲಾಡಿಸಿದರು. ಕೊನೆಗೆ ಡಾಕ್ಟರು ಗಾಳಿಯಲ್ಲಿ ಬೆರಳಿನಿಂದ ಉದ್ದಕ್ಕೆ ಏನನ್ನೋ ಬರೆದು, ಅದರ ಎರಡು ತುದಿ ಸೇರಿಸಿ, ಅವಳನ್ನೇ ನೋಡಿ ಒಂದು ಪ್ರಶ್ನೆ ಕೇಳಿದರು.

"ಚಂಚೀದಕ್ಕ ನಿನ್ನ ಒಪ್ಪಿಗಿ ಐತೇನಂತ ಕೇಳಾಕತ್ತಾರ, ಅಕ್ಕಾ," ಎಂದ ಪರಸಪ್ಪ.

"ಹೂಂ ರಿ," ಎಂದಳು ಗುಂಡವ್ವ, ನೇರ ಡಾಕ್ಟರಿಗೇ. ಅವರು ಸಂತೋಷದಿಂದ ಅವಳ ಹೆಗಲು ತಟ್ಟಿದರು. ಚಂಚಿಯನ್ನು ಇಷ್ಟು ಉದ್ದಕ್ಕೆ ಯಾಕೆ ಬರೆದರು ಎಂದು ಅವಳಿಗೆ ಒಂದು ಕ್ಷಣ ಅನಿಸಿತು. ತಮ್ಮನ ಮುಖ ನೋಡಿದಳು. ಅವನು ಕಿಟಕಿಯ ಹೊರಗೆ ನೋಡುತ್ತಿದ್ದ.

ಆಪರೇಶನ್ ಮುಗಿಸಿಕೊಂಡು ಹೋಳಿಯ ಹೊತ್ತಿಗೆ ಊರಿಗೆ ಮರಳಿದಳು. ದವಾಖಾನೆಯಲ್ಲಿದ್ದಷ್ಟು ದಿನವೂ ಪರಸಪ್ಪ ಹಗಲಿರುಳು ಅವಳ ಮಂಚದ ಬಳಿಯೇ ಇದ್ದ. ಗಂಜಿ ಕುಡಿಸಿದ, ಬಟ್ಟೆ ಒಗೆದ. ಹೊಟ್ಟೆ ನಿಲ್ಲದೆ ಓಡಾಡುವಂತಾದಾಗ, ಇದು ಔಷಧದ ಉಷ್ಣ, ಕಡಿಮೆಯಾಗುತ್ತದೆ ಎಂದ. ಅಲ್ಲಿ ಪಾಯಖಾನೆ ಕೈಯಳತೆಯಲ್ಲಿತ್ತು, ಅವಳೂ ನಂಬಿದಳು.

ಮನೆಗೆ ಬಂದು ಮೊದಲ ಸಲ ಒಲೆಯ ಮುಂದೆ ಕೂತು, ಮೊದಲ ರೊಟ್ಟಿಯನ್ನು ತನಗೇ ತೆಗೆದಿಟ್ಟುಕೊಂಡಳು. ಒಂದು ಮೂಲೆ ಮುರಿದು ಪುಂಡಿಪಲ್ಯದ ಜೊತೆ ತಿಂದು, ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು. ಇಷ್ಟಕ್ಕೇ ಸಾಕಾಗಬೇಕು, ಹೊಲಿಗೆ ತಡೆಯಬೇಕು. ಏನೂ ತಡೆಯಲಿಲ್ಲ. ಇನ್ನೊಂದು ಮುರುಕು ತಿಂದಳು. ಅರ್ಧ ರೊಟ್ಟಿಯಾಯಿತು, ಪೂರ್ತಿಯಾಯಿತು. ಎರಡನೆಯದನ್ನು ಅವಳು ತಿಂದದ್ದು ಹಸಿವಿನಿಂದಲ್ಲ, ಹೆದರಿಕೆಯಿಂದ.

"ಯವ್ವಾ, ಚಂಚಿ ಭಾಳ ಸಡ್ಲ ಹೊಲದಾರ ಕಾಣಸ್ತೈತಿ," ಎಂದು ನಕ್ಕಳು ಲಕ್ಕವ್ವ.

ಗುಂಡವ್ವ ನಗಲಿಲ್ಲ. ಡಾಕ್ಟರ ಬೆರಳು ಗಾಳಿಯಲ್ಲಿ ಬರೆದ ಉದ್ದ ಗೆರೆ ಈಗ ಅವಳ ಕಣ್ಣೆದುರು ನಿಂತಿತ್ತು.

ಸೂರ್ಯ ನೆತ್ತಿಗೆ ಬರುವ ಮೊದಲೇ ಹೊಟ್ಟೆ ಹಿಂಡಿತು. ಸಂತೆಯ ದಿನ, ಒಳಗೆ ಎರಡು ಸಾಲು ಗಂಡಸರು ಉಣ್ಣುತ್ತಿದ್ದರು. ಹಿತ್ತಲಿನ ಆಚೆ ಸಂತೆಯ ಎತ್ತಿನ ಗಾಡಿಗಳು ನಿಂತಿದ್ದವು, ಅದರಾಚೆ ರಸ್ತೆ. ಇಂದ್ರಾಬಾಯಿ ಅವಳ ಮುಖ ನೋಡಿಯೇ ಅರಿತು, ಹೊದೆಯುವ ಕೌದಿಯೊಂದನ್ನು ಎಳೆದುಕೊಂಡು ಓಡಿಬಂದಳು. ತಿಪ್ಪೆಯ ಮರೆಯಲ್ಲಿ ಅದನ್ನು ಎರಡೂ ಕೈಯಿಂದ ಅಡ್ಡ ಹಿಡಿದು, ಬೆನ್ನು ತಿರುಗಿಸಿ ನಿಂತಳು. ಗಾಡಿಯ ಕಡೆಯಿಂದ ಯಾರೋ ನಕ್ಕದ್ದು ಕೇಳಿಸಿತು. ತನ್ನನ್ನು ನೋಡಿ ನಕ್ಕದ್ದಲ್ಲದೆಯೂ ಇರಬಹುದು. ಗುಂಡವ್ವನ ಕಿವಿಯಲ್ಲಿ ಆ ನಗೆ ಮಾತ್ರ ಬಹಳ ದಿನ ಉಳಿಯಿತು.

ಅಂದಿನಿಂದ ಅವಳು ಹಗಲು ಊಟ ಬಿಟ್ಟಳು. ದಿನವೆಲ್ಲ ಇನ್ನೊಬ್ಬರಿಗೆ ಬಡಿಸಿ, ಕತ್ತಲಾದ ಮೇಲೆ ಒಂದಿಷ್ಟು ನುಚ್ಚು ಮಜ್ಜಿಗೆ. ಚಂಚಿ ಮಾಡಬೇಕಿದ್ದ ಕೆಲಸವನ್ನು ಹೀಗೆ ಅವಳೇ ಮಾಡಿಕೊಂಡಳು. ಮೈ ಇಳಿಯಿತು. ಕುಪ್ಪಸಗಳು ಜೋತವು. ಹಗ್ಗವಿಲ್ಲದೆ ಏಳತೊಡಗಿದಳು, ಅದನ್ನು ಬಿಚ್ಚಿ ಲಕ್ಕವ್ವನಿಗೆ ಕೊಟ್ಟಳು, ಅವಳು ಅದರಿಂದ ತನ್ನ ಆಡು ಕಟ್ಟಿದಳು. ಸೊಲ್ಲಾಪುರದ ಡಾಕ್ಟರು ದೇವರಂಥವರು ಎಂದು ಗಿರಾಕಿಗಳು ಹೊಗಳಿದರು. ಬಂದೇನವಾಜ ಮಾತ್ರ ಹೊಗಳಲಿಲ್ಲ. ನಿನ್ನನ್ನು ಹಂಗಿಸುವ ಮನಸ್ಸೇ ಆಗುವುದಿಲ್ಲ ಈಗ, ಒಮ್ಮೆ ಕನ್ನಡಿ ನೋಡಿಕೋ ಎಂದ. ಕೂದಲು ಬಾಚಣಿಕೆಗೆ ಹಿಡಿಹಿಡಿಯಾಗಿ ಬರುತ್ತಿತ್ತು. ಕೈ ನಡುಗಿ ರೊಟ್ಟಿಯ ಅಂಚು ಸೀಳುತ್ತಿತ್ತು. ಅವಳ ರೊಟ್ಟಿ ಅಂಚು ಸೀಳಿದ್ದನ್ನು ಆ ಊರು ಅದಕ್ಕೆ ಮೊದಲು ಕಂಡಿರಲಿಲ್ಲ.

ನಾಗರಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಪರಸಪ್ಪ ಬಂದ. ಕೈಯಲ್ಲಿ ಸೀರೆ, ಕೊಬ್ಬರಿ ಬಟ್ಟಲು. ತಂಗಡಗಿಗೆ ಹೋಗೋಣ, ಹೊಳೆದಂಡೆಯಲ್ಲಿ ನಾಲ್ಕು ದಿನ ಇದ್ದು ಬರೋಣ ಎಂದ. ಮುದ್ದೇಬಿಹಾಳ ದಾಟಿ ಅಷ್ಟು ದೂರ ಬಸ್ಸಿನಲ್ಲಿ ಹೇಗೆ ಕೂರಲಿ ಎಂದು ಅವಳು ಕೇಳಿದಳು. ಅವನಿಗೆ ಅರ್ಥವಾಯಿತು. ಸೀರೆಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತ.

"ಹಗ್ಗದ್ದ ಮಾಡಿಸಿದಿ, ಹೌದಲ್ಲ?"

ಅವನು ಎಲ್ಲವನ್ನೂ ಬಾಯಿಬಿಟ್ಟ. ಇಷ್ಟು ದೊಡ್ಡ ಮೈಗೆ ಚಂಚಿಯದನ್ನು ಮಾಡಲಾರೆ, ಕೈ ಪಳಗಿಲ್ಲ ಎಂದು ಡಾಕ್ಟರು ಅಂದರಂತೆ. ಕರುಳಿನದಾದರೆ ಈಗಲೇ ಸಿದ್ಧ. ಈ ಭಾಗದಲ್ಲಿ ಅದು ಅವರ ಮೊದಲನೆಯದು, ಬಹಳ ಆಸೆಪಟ್ಟಿದ್ದರು. ಅಕ್ಕನನ್ನು ಒಪ್ಪಿಸಿದರೆ ನಿನ್ನನ್ನು ಆಪರೇಶನ್ ಕೋಣೆಯ ಕೆಲಸಕ್ಕೆ ತೆಗೆದುಕೊಳ್ಳುತ್ತೇನೆ ಎಂದಿದ್ದರು.

"ನಿನಗ ಹೇಳಿದ್ರ ನೀ ಎದ್ದ ಬಂದಬಿಡ್ತಿದ್ದಿ, ಅಕ್ಕಾ. ಮತ್ತ ಹಂಚಿನ ಮ್ಯಾಲ ಬೀಳ್ತಿದ್ದಿ."

"ನಾ ಯಾಕ ಬ್ಯಾಡಂದೆ ಅನ್ನೂದು ಮರತಿದ್ಯೇನು?"

ಮರೆತಿದ್ದೆ ಎಂದು ಅವನು ಹೇಳಲಿ ಎಂದು ಅವಳ ಜೀವ ಬಯಸಿತು. ಸೊಲ್ಲಾಪುರದ ಕ್ವಾರ್ಟರ್ಸಿನಲ್ಲಿ ಅಷ್ಟು ವರ್ಷ ಇದ್ದವನು, ಬಾಗಿಲು ಹಾಕಿಕೊಳ್ಳುವ ಪಾಯಖಾನೆ ಇರುವವನು, ಊರಿನ ಹೆಂಗಸರ ಹಗಲನ್ನು ಮರೆತಿರಬಹುದು. ಮರೆವಾದರೆ ಕ್ಷಮಿಸಬಹುದಿತ್ತು.

"ಇಲ್ಲ," ಎಂದ ಪರಸಪ್ಪ. "ನೆನಪಿತ್ತು."

ಗುಂಡವ್ವನಿಗೆ ತಂಗಡಗಿಯ ಹೊಳೆದಂಡೆ ಕಣ್ಣಿಗೆ ಬಂತು. ಇವನಿಗೆ ಐದು ವರ್ಷವಿದ್ದಾಗ ಆಮಶಂಕೆ ಹತ್ತಿತ್ತು. ಹಗಲು ರಾತ್ರಿ ಎನ್ನದೆ ಕೈಹಿಡಿದು ಕರೆದೊಯ್ದು, ಅವನು ಕೂತಷ್ಟು ಹೊತ್ತೂ ಬೇರೆ ಹುಡುಗರು ನೋಡಿ ನಗದಂತೆ ಸೆರಗು ಹರಡಿ ಮರೆಯಾಗಿ ನಿಂತಿದ್ದಳು. ಅದನ್ನು ಈಗ ಹೇಳಿ ತೋರಿಸಲಿಲ್ಲ. ಎದ್ದು ರೊಟ್ಟಿ ಬಡಿದಳು, ತಾಟು ಹಚ್ಚಿ ಅವನ ಮುಂದಿಟ್ಟಳು. ಮೊದಲ ತುತ್ತನ್ನು ಮುರಿಯಲಿಲ್ಲ. ಅವನು ಕೆಲಹೊತ್ತು ಕಾದ. ಆಮೇಲೆ ತಾನೇ ಮುರಿದುಕೊಂಡ.

ದಸರೆ ಮುಗಿದ ಮೇಲೆ ಗುಂಡವ್ವ ಮತ್ತೆ ಸೊಲ್ಲಾಪುರಕ್ಕೆ ಹೊರಟಳು, ಇಂದ್ರಾಬಾಯಿಯ ಜೊತೆ. ದಾರಿಯಲ್ಲಿ ಕೆಡಬಾರದೆಂದು ಹಿಂದಿನ ದಿನದಿಂದಲೇ ಉಪವಾಸವಿದ್ದಳು. ಹೇಳಬೇಕಾದ ಮಾತು ಒಂದೇ ಇತ್ತು. ಅದನ್ನಾದರೂ ತನ್ನ ಬಾಯಿಂದಲೇ ಹೇಳಬೇಕೆಂದು ಮರಾಠಿಯಲ್ಲಿ ಕಲಿತಿದ್ದಳು. ದವಾಖಾನೆಯ ಪಡಸಾಲೆಯಲ್ಲಿ ಪರಸಪ್ಪ ಹಸಿರು ಅಂಗಿ ತೊಟ್ಟು ಎದುರಾದ. ಆಪರೇಶನ್ ಕೋಣೆಯವರ ಅಂಗಿ. ತಾನು ಒಳಗೆ ಬರಲೇ ಎಂದು ಕೇಳಿದ. ಬೇಡವೆಂದಳು.

"ಜಸಂ ಹೋತಂ ತಸಂ ಕರಾ," ಎಂದಳು ಡಾಕ್ಟರಿಗೆ. ಹೇಗಿತ್ತೋ ಹಾಗೆ ಮಾಡಿ.

ಡಾಕ್ಟರು ಬೆರಗಾದರು. ಮೈ ಇಷ್ಟು ಚೆನ್ನಾಗಿ ಇಳಿದಿದೆಯಲ್ಲ ಎಂದರು. ಆಗ ಇಂದ್ರಾಬಾಯಿ ನಾಚಿಕೆ ಬದಿಗಿಟ್ಟು, ಚರಗಿ, ಬಯಲು, ಹಗಲು ಉಪವಾಸ ಎಲ್ಲವನ್ನೂ ಬಿಡಿಸಿ ಹೇಳಿದಳು. ಈಕೆ ಒಪ್ಪಿದ್ದು ಇನ್ನೊಂದಕ್ಕೆ, ಇದಕ್ಕಲ್ಲ ಎಂದೂ ಹೇಳಿದಳು. ಡಾಕ್ಟರು ಬಾಗಿಲ ಕಡೆ ನೋಡಿದರು. ಬಾಗಿಲ ಹೊರಗೆ ಹಸಿರು ಅಂಗಿಯ ಅಂಚು ಕಾಣುತ್ತಿತ್ತು. ನೀವೇ ಹೂಂ ಅಂದಿರಲ್ಲ ಎಂದರು ಮೆಲ್ಲಗೆ. ಆಮೇಲೆ, ಈಗ ಮೈ ಇಳಿದಿದೆ, ಕರುಳು ಬಿಚ್ಚುವಾಗಲೇ ಹೊಟ್ಟೆ ಹೊಲಿಯುವುದನ್ನೂ ಮಾಡಿ ನೋಡಬಹುದು ಎಂದರು. ಅದನ್ನು ಎಷ್ಟು ಜನರಿಗೆ ಮಾಡಿದ್ದೀರಿ ಎಂದು ಇಂದ್ರಾಬಾಯಿ ಕೇಳಿದ್ದಕ್ಕೆ ಅವರು ನಿಜವನ್ನೇ ಹೇಳಿದರು, ಇನ್ನೂ ಯಾರಿಗೂ ಇಲ್ಲ ಎಂದು.

"ಬಿಚ್ಚಿ ಸುಮ್ಮನ ಬಿಟ್ರ ಮತ್ತ ಮೊದಲಿನಂಗ ಆಗ್ತಿ ಅಂತಾರ, ಗುಂಡವ್ವಕ್ಕಾ," ಎಂದಳು ಇಂದ್ರಾಬಾಯಿ. "ಏನ ಹೇಳ್ಲಿ?"

ಗುಂಡವ್ವ ಸೊಂಟದ ಚಂಚಿಯನ್ನು ಮುಟ್ಟಿ ನೋಡಿಕೊಂಡಳು. ಒಂದು ಕಾಲಕ್ಕೆ ಇದನ್ನೇ ಬೇಡಿದ್ದಳು. ಬೇಡಿದಾಗ ಇದ್ದ ಧೈರ್ಯವೆಲ್ಲ ಒಬ್ಬನ ಮೇಲಿನ ನಂಬಿಕೆಯದಾಗಿತ್ತು.

"ಮೊದಲಿನಂಗ ಆದ್ರ ಆಗ್ಲಿ ಅನ್ನು. ಅದರ ಕೂಡ ನನಗ ರೂಢಿ ಐತಿ."

ಕರುಳನ್ನು ಮೊದಲಿನಂತೆ ಜೋಡಿಸಿದರು. ಆ ಸಲ ಮಂಚದ ಬಳಿ ಕೂತವಳು ಇಂದ್ರಾಬಾಯಿ.

ಮುಂದಿನ ಪಂಚಮಿಯ ಹೊತ್ತಿಗೆ ಕುಪ್ಪಸಗಳು ಮತ್ತೆ ಬಿಗಿಯಾಗಿದ್ದವು, ರೊಟ್ಟಿಯ ಅಂಚು ಕೂಡಿಕೊಂಡಿತ್ತು. ಬಂದೇನವಾಜ ಕಾಟಾದ ಮಾತು ಮತ್ತೆ ತೆಗೆದಿದ್ದ. ಪರಸಪ್ಪ ಸೀರೆ ಹಿಡಿದು ಬಂದಾಗ ಸಂತೆಯ ಗದ್ದಲ. ಅವಳು ಅವನಿಗೆ ಎಲ್ಲರ ಸಾಲಿನಲ್ಲಿ ತಾಟು ಹಾಕಿಸಿದಳು. ಬಡಿಸಿದ್ದರಲ್ಲಿ ಏನೂ ಕಡಿಮೆಯಿರಲಿಲ್ಲ; ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು.

ಗಿರಾಕಿಗಳು ಕರಗಿದ ಮೇಲೆ ಗುಂಡವ್ವ ಒಲೆ ಆರಿಸಿ ಏಳಲು ನೋಡಿದಳು. ಮೊಣಕಾಲು ಕೇಳಲಿಲ್ಲ. ಪರಸಪ್ಪ ಕೈತೊಳೆದುಕೊಂಡು ಓಡಿಬಂದು, ಬಾಗಿ, ಎರಡೂ ಕೈ ಚಾಚಿದ.

"ಅಕ್ಕಾ, ಹಿಡಕೋ."

ಅವಳು ಆ ಕೈಗಳನ್ನು ನೋಡಿದಳು. ಮೇಕೆಯ ಹಾಲು ಹನಿಸುವಾಗ ತನ್ನ ಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದ ಕೈಗಳು. ಅವುಗಳ ಪಕ್ಕದಿಂದ ತನ್ನ ಕೈಯನ್ನು ಮೇಲಕ್ಕೆ ಚಾಚಿ, ಲಕ್ಕವ್ವ ಆಡಿನ ಕೊರಳಿಂದ ಬಿಚ್ಚಿ ತಂದು ತೊಲೆಗೆ ಮತ್ತೆ ಕಟ್ಟಿದ್ದ ಹಗ್ಗವನ್ನು ಹಿಡಿದಳು. ಉಸಿರು ಬಿಗಿಹಿಡಿದು, ಹಂಚಿನ ಕಲೆಯಿದ್ದ ಬಲಗೈಯ ಮೇಲೆ ಎಡಗೈಯನ್ನಿಟ್ಟು, ತನ್ನ ಪೂರ್ತಿ ಭಾರವನ್ನು ತಾನೇ ಎತ್ತಿ ನಿಂತಳು.