ಉಪ್ಪುನೀರಿನ ಪಂಚಾಯಿತಿ

ವಿದ್ಯಾನಗರದ ನಮ್ಮ ಮನೆಯಲ್ಲಿ ಟಿವಿ ಇದ್ದ ಜಾಗದಲ್ಲಿ ಈಗ ಸಮುದ್ರವಿದೆ. ಗಾಜಿನ ತೊಟ್ಟಿ, ಅದರೊಳಗೆ ಉಪ್ಪುನೀರು, ಕಲ್ಲು, ಹವಳ, ಮೀನು. ತುಂಗೆಯ ನೀರು ಕುಡಿಯುವವರಿಗೆ ಸಿಹಿನೀರಿನ ಮೀನು ಯಾಕೆ ಸಾಲದು ಎಂದು ನಾನು ಕೇಳಿದ್ದೆ. ನನ್ನ ಗಂಡ ಉತ್ತರ ಕೊಡಲಿಲ್ಲ. ಉತ್ತರ ಕೊಡದಿರುವುದು ಅವರ ಹಳೆಯ ಅಭ್ಯಾಸ.

ನಾನು ಭದ್ರಾವತಿಯಲ್ಲಿ ಟೀಚರ್. ಬೆಳಿಗ್ಗೆ ಬಸ್ಸು ಹಿಡಿಯುವ ಮೊದಲು ಅಡುಗೆ ಮುಗಿಯಬೇಕಾದರೆ ಗ್ಯಾಸಿನ ದೊಡ್ಡ ಬರ್ನರ್ ನನಗೆ ಬೇಕು. ಅದೇ ಹೊತ್ತಿಗೆ ಅತ್ತೆಗೂ ಅದೇ ಬೇಕು, ಅದೂ ಒಂದು ಲೋಟ ಕಾಫಿಗೆ. ನಾನು ಉಪ್ಪು ಹಾಕಿಟ್ಟ ಸಾರಿಗೆ ಅವರು ಬಂದು ಇನ್ನೊಮ್ಮೆ ಉಪ್ಪು ಹಾಕುತ್ತಾರೆ. ಮದುವೆಯಾದಾಗಿನಿಂದ ಇದೇ ರಾಮಾಯಣ. ಗಂಡನಿಗೆ ಹೇಳಿದರೆ, “ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಮಾರಾಯ್ತಿ, ಅಮ್ಮಂಗೆ ವಯಸ್ಸಾಯ್ತು” ಎನ್ನುತ್ತಿದ್ದರು. ಆ ಸಾರನ್ನು ತುಟಿಪಿಟಕ್ಕೆನ್ನದೆ ಉಂಡು ಏಳುತ್ತಿದ್ದರು. ಆದರೆ ಮೀನಿನ ನೀರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚಾದರೆ ಮೀಟರ್ ಹಿಡಿದು ಮನೆಯೆಲ್ಲ ಓಡಾಡುತ್ತಿದ್ದರು. ನನಗೆ ಸಾಕುಸಾಕಾಗಿತ್ತು. ಸ್ಕೂಲಿನ ಹತ್ತಿರ ಬಾಡಿಗೆ ಮನೆಯೊಂದನ್ನು ನೋಡಿ ಬಂದು, ದೀಪಾವಳಿ ಕಳೆದ ಮೇಲೆ ಅಲ್ಲಿಗೆ ಹೋಗುತ್ತೇನೆ ಎಂದು ತಾಯಿಮಗನಿಗೆ ಕೇಳುವ ಹಾಗೆ ಹೇಳಿದೆ.

ಆ ವಾರವೇ ತೊಟ್ಟಿಯಲ್ಲಿ ಗಲಾಟೆ ಶುರುವಾಯಿತು. ಮೊದಲಿನಿಂದ ಇದ್ದ ಹೆಬ್ಬೆರಳುದ್ದದ ನೀಲಿ ಮೀನು, ಹೊಸದಾಗಿ ಬಂದ ಹಳದಿ ಮೀನನ್ನು ಕಲ್ಲುಗಳ ಹತ್ತಿರ ಸುಳಿಯಲೂ ಬಿಡಲಿಲ್ಲ. ಹಳದಿಯದ್ದು ಬಾಲ ಹರಿಯಿತು. ಅದು ಪಂಪಿನ ಹಿಂದೆ ಮೂಲೆ ಸೇರಿ ತಿನ್ನಲಿಕ್ಕೂ ಹೊರಗೆ ಬರದಾಯಿತು.

ನನ್ನ ಗಂಡ ಆಫೀಸಿಗೆ ರಜೆ ಹಾಕಿದರು! ನನಗೆ ಡೆಂಗ್ಯೂ ಬಂದಾಗ ರಜೆ ಸಿಗದಿದ್ದ ಮನುಷ್ಯ. ದುರ್ಗಿಗುಡಿಯ ಮೀನಿನ ಅಂಗಡಿಯವನಿಗೆ ಫೋನ್ ಮೇಲೆ ಫೋನ್. ಅವನ ಸಲಹೆಯಂತೆ ಮೊದಲು ತೊಟ್ಟಿಯ ಎರಡೂ ತುದಿಗೆ ಒಟ್ಟಿಗೇ ಆಹಾರ ಹಾಕಿದರು. ನೀಲಿ ಎರಡೂ ಕಡೆ ತಿಂದಿತು. ಆಮೇಲೆ ನನ್ನ ಕನ್ನಡಿ ಒಯ್ದು ಗಾಜಿಗೆ ಆನಿಸಿಟ್ಟರು. ನೀಲಿ ಸಂಜೆಯವರೆಗೂ ತನ್ನ ಮುಖದ ಜೊತೆಗೇ ಕುಸ್ತಿ ಆಡಿ, ಕನ್ನಡಿ ತೆಗೆದ ಕೂಡಲೇ ಮತ್ತೆ ಹಳದಿಯ ಮೇಲೆ ಬಿತ್ತು. ಕನ್ನಡಿಯಿಲ್ಲದೆ ನಾನು ಆ ದಿನ ಸ್ಕೂಲಿಗೆ ಬೈತಲೆ ಸೊಟ್ಟ ಮಾಡಿಕೊಂಡು ಹೋಗಿದ್ದೆ.

ಕೊನೆಗೆ ಭುಜದವರೆಗೆ ಕೈ ಮುಳುಗಿಸಿ ಕಲ್ಲುಗಳನ್ನೆಲ್ಲ ಬೇರೆ ರೀತಿ ಜೋಡಿಸಿದರು. “ಹಳೇ ಜಾಗ ಅನ್ನೋದೇ ಇರ್ಬಾರ್ದು. ಆಗ ಇಬ್ರೂ ಹೊಸಬ್ರೇ” ಎಂದು ನನಗೆ ಪಾಠ ಹೇಳಿದರು. ನೀಲಿಯನ್ನು ಬಲೆಯಲ್ಲಿ ಹಿಡಿದು, ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಡಬ್ಬಿಯನ್ನು ತೊಟ್ಟಿಯೊಳಗೇ ತೂಗುಬಿಟ್ಟರು. ಅದು ಒಳಗಿಂದ ನೋಡುತ್ತಿರಬೇಕಂತೆ, ಅಷ್ಟರಲ್ಲಿ ಹಳದಿ ತನ್ನದೊಂದು ಜಾಗ ಮಾಡಿಕೊಳ್ಳಬೇಕಂತೆ.

ಸ್ವಲ್ಪ ಹೊತ್ತಿಗೆ ಹಳದಿ ಹೊರಗೆ ಬಂದು ತಿಂದಿತು. ಇವರ ಕಣ್ಣಲ್ಲಿ ನೀರು. “ಪಾಪ, ಎಷ್ಟು ಸಹಿಸ್ಕೊಂಡಿತ್ತು ನೋಡು” ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ಬೆರಳುದ್ದದ ಹಳದಿ ಮೀನಿನ ಮೇಲೆ ಹೊಟ್ಟೆಕಿಚ್ಚುಪಟ್ಟೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

“ಆ ಹಳದಿಗೆ ಯಾಕ್ರೀ ಅಡ್ಜಸ್ಟ್ ಮಾಡ್ಕೋ ಅಂತ ಹೇಳ್ಲಿಲ್ಲ?” ಎಂದು ಕೇಳಿದೆ.

ಪಕ್ಕದಲ್ಲಿ ಹೂ ಕಟ್ಟುತ್ತಾ ಕೂತಿದ್ದ ಅತ್ತೆ ತಲೆ ಎತ್ತಿದರು. “ನಿಂಗೂ ಹಂಗೇ ಅಂತಾನಾ?”

“ದಿನಾ ಅಂತಾರೆ ಅತ್ತೆ. ಅಮ್ಮಂಗೆ ವಯಸ್ಸಾಯ್ತು, ಅಡ್ಜಸ್ಟ್ ಮಾಡ್ಕೋ ಅಂತ.”

“ನಂಗೆ, ಅವ್ಳು ಹೊರಗೆ ದುಡಿಯೋಳು, ನೀನೇ ಅಡ್ಜಸ್ಟ್ ಮಾಡ್ಕೋ ಅಮ್ಮ ಅಂತಾನೆ. ನಿನ್ನ ಸಾರಿಗೆ ಉಪ್ಪು ಸಾಲ್ದು, ಸ್ವಲ್ಪ ಹಾಕು ಅಂತ ಹೇಳ್ದೋನೂ ಇವ್ನೇ ಕಣೆ.”

ನಾವಿಬ್ಬರೂ ಅವರ ಕಡೆ ತಿರುಗಿದೆವು. ಅವರು ಬಲೆ ಹಿಡಿದು ನಿಂತೇ ಇದ್ದರು. ನೆಲದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

ಅತ್ತೆ ಹೂವಿನ ದಾರ ಹರಿದು ನನ್ನನ್ನು ಕೇಳಿದರು. “ಭದ್ರಾವತಿಲಿ ನೋಡಿದ್ಯಲ್ಲ ಮನೆ, ಎಷ್ಟು ರೂಮು?”

“ಎರಡು.”

“ಸಾಕಲ್ಲ. ನಿಂಗೊಂದು, ನಂಗೊಂದು. ಇವ್ನು ಇಲ್ಲೇ ಮೀನು ನೋಡ್ಕೊಂಡಿರ್ಲಿ.”

ನಾನು ನಕ್ಕೆ. ಅತ್ತೆ ಮಾತ್ರ ನಗಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಗೆ ಹೋದರೆ ದೊಡ್ಡ ಬರ್ನರ್ ಮುಂದೆ ನನ್ನ ಗಂಡ. ನಮ್ಮಿಬ್ಬರಿಗೂ ಕಾಫಿ ಮಾಡುತ್ತಿದ್ದರು, ಅದೂ ಅಳತೆ ನೋಡಿ, ನಿಧಾನವಾಗಿ. ನನ್ನ ಬಸ್ಸು ತಪ್ಪಿಹೋಯಿತು. ಕಾಫಿ ಕೈಗೆ ಕೊಟ್ಟು, ನಿಮ್ಮಿಬ್ಬರಿಗೆ ಜಗಳ ಯಾವುದಕ್ಕೆ ಎಂದು ಮೊಟ್ಟಮೊದಲ ಸಲ ಕೇಳಿದರು. ನಾನೂ ಅತ್ತೆಯೂ ಒಟ್ಟಿಗೇ ಹೇಳತೊಡಗಿದೆವು.

ಬಾಡಿಗೆ ಮನೆಯವರಿಗೆ ಬೇಡ ಎಂದು ನಾನಿನ್ನೂ ಫೋನ್ ಮಾಡಿಲ್ಲ. ಈಗಲೇ ಮಾಡಬೇಡ ಎಂದು ಅತ್ತೆಯೇ ಹೇಳಿದ್ದಾರೆ.